ಸ್ಟ್ಯಾಂಡ್‌ಬೈ ಪ್ರಮೋಟ್ ಮಾಡುವ ಮುಂಚೆ ಅದು ಯಾವ ಲಿನಕ್ಸ್ ಮೇಲೆ ಓಡುತ್ತಿದೆ ಅಂತ ನೋಡಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸ್ಟ್ಯಾಂಡ್‌ಬೈ (ಮುಖ್ಯ ಸರ್ವರ್‌ನ ನಕಲು ಇರುವ ಮೀಸಲು ಸರ್ವರ್) ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಎರಡೂ ಸರ್ವರ್‌ನಲ್ಲಿ ಡೇಟಾಬೇಸ್ ವರ್ಷನ್ ಒಂದೇ ಇದ್ದರೆ ಸಾಲದು. ಲಿನಕ್ಸ್ ಬೇರೆ ಬೇರೆ ಇದ್ದರೆ ಇಂಡೆಕ್ಸ್ (ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ) ಕೈಕೊಡಬಹುದು. ಎರರ್ ಕೂಡ ಬರುವುದಿಲ್ಲ, ಭಯ ಇರುವುದೇ ಅಲ್ಲಿ.

ನಾನು ಮೈಸೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಮಂಡ್ಯ ಕಡೆಯ ಒಂದು ಖಾಸಗಿ ಹಾಲಿನ ಸಂಸ್ಥೆಗೆ ಹಾಲಿನ ಲೆಕ್ಕ, ಬಟವಾಡೆ ಎಲ್ಲ ನಮ್ಮ ಸಾಫ್ಟ್‌ವೇರ್‌ನಲ್ಲೇ. ಸರ್ವರ್ ನೋಡಿಕೊಳ್ಳುವುದು ಬೇರೊಂದು ಏಜೆನ್ಸಿ. ಹಳೇ ಸರ್ವರ್ ಉಬುಂಟು 18.04. ಏಜೆನ್ಸಿಯವರು ಉಬುಂಟು 22.04 ಇರುವ ಹೊಸ ಮಷೀನಿನಲ್ಲಿ ಸ್ಟ್ಯಾಂಡ್‌ಬೈ ಕಟ್ಟಿ, ಒಂದು ರಾತ್ರಿ ಪ್ರಮೋಟ್ ಮಾಡಿದರು, ಅಂದರೆ ಅದನ್ನೇ ಮುಖ್ಯ ಸರ್ವರ್ ಮಾಡಿದರು. "ಎರಡೂ ಕಡೆ ಪೋಸ್ಟ್‌ಗ್ರೆಸ್ 14 ಸಾರ್, ಏನೂ ತೊಂದ್ರೆ ಆಗಲ್ಲ" ಅಂದಿದ್ದರು. ಲ್ಯಾಗ್ (ನಕಲು ಹಿಂದೆ ಬಿದ್ದಿರುವ ಅಂತರ) ಸೊನ್ನೆ ಇತ್ತು. ಟೇಬಲ್‌ಗಳ ಎಣಿಕೆಯೂ ತಾಳೆಯಾಗಿತ್ತು.

ಬೆಳಿಗ್ಗೆ ಡೇರಿಗಳಿಂದ ಫೋನ್ ಶುರು. ವರ್ಷಗಟ್ಟಲೆ ಹಾಲು ಹಾಕಿದವರ ಕೋಡ್ ಒತ್ತಿದರೆ "ಸದಸ್ಯರು ಇಲ್ಲ" ಅಂತ ಬರುತ್ತಿತ್ತು. ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ. ಕ್ಯಾನ್ ಹಿಡಿದು ಸಾಲಲ್ಲಿ ನಿಂತವರನ್ನು ಎಷ್ಟೊತ್ತು ಕಾಯಿಸೋಕಾಗುತ್ತೆ? ಡೇರಿ ಹುಡುಗರು ಅದೇ ಕೋಡ್ ಹಾಕಿ ಹೊಸ ಸದಸ್ಯರು ಅಂತ ಸೇರಿಸಿ ಹಾಲು ಅಳೆದರು. ಆ ಕಾಲಂಗೆ, ಒಂದೇ ಕೋಡ್ ಎರಡು ಸಲ ಬರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಇತ್ತು. ಆದರೂ ಡೂಪ್ಲಿಕೇಟ್ ಒಳಗೆ ಹೋಯಿತು!

ಕಾರಣ ಇದು. ನಮ್ಮ ಸದಸ್ಯರ ಕೋಡ್‌ನಲ್ಲಿ ಡೇರಿ ನಂಬರ್, ಅಡ್ಡಗೆರೆ, ಸದಸ್ಯರ ನಂಬರ್ ಇರುತ್ತದೆ. ಇಂಥ ಪಠ್ಯದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯನ್ನು (glibc) ಕೇಳಿ ತಿಳಿದುಕೊಳ್ಳುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಈ ಕ್ರಮವನ್ನೇ ಬದಲಿಸಿತು. ಉಬುಂಟು 18.04ರಲ್ಲಿರುವುದು 2.27, 22.04ರಲ್ಲಿ 2.35. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆ, ದೇಶಕ್ಕೆ ತಕ್ಕ ಸೆಟ್ಟಿಂಗ್) ಹಳೆಯದು 11 ಮೊದಲು, 1-1 ಆಮೇಲೆ ಇಡುತ್ತದೆ. ಹೊಸದು ಉಲ್ಟಾ. ಸ್ಟ್ಯಾಂಡ್‌ಬೈಗೆ ಡೇಟಾ ಕಳಿಸುವ ಸ್ಟ್ರೀಮಿಂಗ್ ರೆಪ್ಲಿಕೇಷನ್ ಇಂಡೆಕ್ಸನ್ನೂ ಇದ್ದ ಹಾಗೇ ನಕಲು ಮಾಡುತ್ತದೆ. ಹಳೇ ಕ್ರಮದಲ್ಲಿ ಜೋಡಿಸಿದ್ದನ್ನು ಹೊಸ ಕ್ರಮದಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತೆ? ಡೆಬಿಯನ್ 9ರಿಂದ 10ಕ್ಕೆ, ರೆಡ್‌ಹ್ಯಾಟ್ 7ರಿಂದ 8ಕ್ಕೆ ಹೋದರೂ ಇದೇ ಗತಿ.

ಹಳೇ ಸರ್ವರ್‌ಗೆ ವಾಪಸ್ ಹೋಗೋಣ ಅಂದರೆ ಬೆಳಗಿನ ಹಾಲಿನ ಲೆಕ್ಕವೆಲ್ಲ ಹೊಸದರಲ್ಲಿ. ರೀಇಂಡೆಕ್ಸ್ ಮಾಡಲು (ಇಂಡೆಕ್ಸ್ ಹೊಸದಾಗಿ ಕಟ್ಟಲು) ಹೋದರೆ ಡೂಪ್ಲಿಕೇಟ್ ಇದೆ ಅಂತ ನಿಂತುಬಿಟ್ಟಿತು. ಒಬ್ಬೊಬ್ಬರದೇ ಎರಡು ಖಾತೆ ಸೇರಿಸಿ, ಆಮೇಲೆ ರೀಇಂಡೆಕ್ಸ್ ಆಯಿತು. ಆ ಸಲದ ಬಟವಾಡೆ ತಡವಾಯಿತು. ಅದೇ ದುಡ್ಡಲ್ಲಿ ಹಿಂಡಿ, ಬೂಸಾ ತರುವ ಮನೆಗಳವು. ಏಜೆನ್ಸಿಯವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಈಗಲೂ ಬೇಜಾರಿದೆ.

ನಿಮ್ಮಲ್ಲೂ ಇಂಥ ಬದಲಾವಣೆ ಇದ್ದರೆ, ಎರಡೂ ಮಷೀನಿನಲ್ಲಿ 11 ಮತ್ತು 1-1 ಕೊಟ್ಟು ಡೇಟಾಬೇಸ್‌ನ ಲೊಕೇಲ್‌ನಲ್ಲೇ ಸಾರ್ಟ್ ಕಮಾಂಡ್ ಓಡಿಸಿ. ಉತ್ತರ ಬೇರೆ ಬಂದರೆ ಅಲ್ಲೇ ನಿಲ್ಲಿಸಿ. ಒಂದೇ ಬಂದರೂ ಇಂಡೆಕ್ಸ್ ಸರಿಯಿದೆಯಾ ಅಂತ ನೋಡುವ ಅಮ್‌ಚೆಕ್ (amcheck) ಎಕ್ಸ್‌ಟೆನ್ಷನ್ ಅನ್ನು ಪ್ರೈಮರಿಯಲ್ಲಿ (ಮುಖ್ಯ ಸರ್ವರ್‌ನಲ್ಲಿ) ಹಾಕಿ, ಅದರ ಬಿಟ್ರೀ (ಸಾಮಾನ್ಯ ಬಗೆಯ) ಇಂಡೆಕ್ಸ್ ಚೆಕ್ ಅನ್ನು ಸ್ಟ್ಯಾಂಡ್‌ಬೈ ಮೇಲೆ ಓಡಿಸಿ. ಪ್ರಮೋಟ್ ಮಾಡದೇ ಗೊತ್ತಾಗುತ್ತದೆ. ಲಿನಕ್ಸ್ ಬದಲಾಯಿಸಲೇಬೇಕು ಅಂದರೆ ಲಾಜಿಕಲ್ ರೆಪ್ಲಿಕೇಷನ್ (ಫೈಲ್ ಇದ್ದ ಹಾಗೇ ನಕಲು ಮಾಡದೆ, ಡೇಟಾದ ಬದಲಾವಣೆಗಳನ್ನು ಮಾತ್ರ ಕಳಿಸುವ ರೀತಿ) ವಾಸಿ. ಅಲ್ಲಿ ಇಂಡೆಕ್ಸ್ ಹೊಸ ಮಷೀನಿನಲ್ಲೇ ಕಟ್ಟುತ್ತದೆ, ಪೋಸ್ಟ್‌ಗ್ರೆಸ್ ಮೇಜರ್ ವರ್ಷನ್ ಬೇರೆ ಇದ್ದರೂ ನಡೆಯುತ್ತದೆ. ಸೀಕ್ವೆನ್ಸ್‌ಗಳ (ಹೊಸ ಸಾಲಿಗೆ ಮುಂದಿನ ನಂಬರ್ ಕೊಡುವ ಎಣಿಕೆಗಳ) ನಂಬರ್ ಮಾತ್ರ ನೀವೇ ಸರಿಮಾಡಬೇಕು.

ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಕೊಲೇಷನ್ (ಪಠ್ಯ ಜೋಡಿಸುವ ಕ್ರಮ) ವರ್ಷನ್ ತಾಳೆಯಾಗುತ್ತಿಲ್ಲ ಅಂತ ಕನೆಕ್ಟ್ ಆದಾಗಲೇ ವಾರ್ನಿಂಗ್ ಬರುತ್ತದೆ. ಅದನ್ನು ರಿಫ್ರೆಶ್ ಕಮಾಂಡ್ ಕೊಟ್ಟು ಸುಮ್ನೆ ಮಾಯ ಮಾಡಬೇಡಿ. ಮೊದಲು ರೀಇಂಡೆಕ್ಸ್, ಆಮೇಲೆ ರಿಫ್ರೆಶ್.