ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕ್: ತೊಳೆಯುವುದೋ, ಲೇಪಿಸುವುದೋ, ಬದಲಿಸುವುದೋ?

ಗಂಗಾವತಿಯ ಹಿತ್ತಲಿನಲ್ಲಿ ಹತ್ತು ವರ್ಷ ನಿಂತಿರುವ ತಮ್ಮ ಅಂಬಾಸಿಡರ್ ಕಾರಿನ ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕನ್ನು ಏನು ಮಾಡುವುದೆಂದು ಕೇಳಿದ್ದೀರಿ. ಹಳಸಿದ ಪೆಟ್ರೋಲನ್ನು ಪೂರ್ತಿ ಹೊರತೆಗೆದು, ಟ್ಯಾಂಕನ್ನು ಕಳಚಿ, ಒಳಗೆ ಬೆಳಕು ಹಾಯಿಸಿ ನೋಡಿದ ಮೇಲೆಯೇ ನಿರ್ಧರಿಸುವುದು ಸರಿ. ಆ ಬೆಳಕು ಕಿಡಿ ಹಾರಿಸುವಂಥದ್ದಾಗಿರಬಾರದು.

ಖರ್ಚಿನಲ್ಲಿ ವಿನೆಗರ್ ತುಂಬಿಸಿ ತೊಳೆಯುವುದೇ ಅಗ್ಗ. ಆದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಜಾಲಾಡಿ ಕೂಡಲೇ ಒಣಗಿಸದಿದ್ದರೆ ಬರಿಯ ತಗಡಿಗೆ ಮತ್ತೆ ತುಕ್ಕು ಹತ್ತುತ್ತದೆ (ಈ ಕೆಲಸಕ್ಕೆ ನಮ್ಮ ಏಪ್ರಿಲ್ ಬಿಸಿಲಿಗಿಂತ ಒಳ್ಳೆಯ ಸಹಾಯಕ ಸಿಗಲಾರ). ಮೇಲ್ಪದರದ ತುಕ್ಕಿಗೆ ಇಷ್ಟು ಸಾಕು.

ಸೂಜಿಮೊನೆಯಷ್ಟು ತೂತುಗಳಿದ್ದರೆ ಒಳಲೇಪನ ಉಪಯುಕ್ತ. ಆದರೆ ಜಿಡ್ಡು, ತೇವ ಉಳಿದರೆ ಅದು ಸಿಪ್ಪೆಯೆದ್ದು ಫಿಲ್ಟರ್ ಕಟ್ಟಿಕೊಳ್ಳುವಂತೆ ಮಾಡುತ್ತದೆ, ಶೇ. 20 ಎಥೆನಾಲ್ ಇರುವ ಪೆಟ್ರೋಲನ್ನು ತಾಳಿಕೊಳ್ಳದ ಲೇಪನವಂತೂ ಬೇಡವೇ ಬೇಡ.

ತಗಡೇ ಸವೆದಿದ್ದರೆ ಬದಲಾವಣೆ ಅನಿವಾರ್ಯ. 2014ರಲ್ಲಿ ಈ ಕಾರಿನ ತಯಾರಿಕೆ ನಿಂತಿರುವುದರಿಂದ ಒಳ್ಳೆಯ ಟ್ಯಾಂಕಿಗೆ ಹುಡುಕಾಟ ಬೇಕಾಗಬಹುದು. ವೆಚ್ಚ ಹೆಚ್ಚು, ಬಾಳಿಕೆಯೂ ಹೆಚ್ಚು.

ಯಾವುದನ್ನು ಆರಿಸಿದರೂ ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿ, ಕಾರ್ಬುರೇಟರ್ ಜೆಟ್‌ಗಳಲ್ಲಿ (ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳಲ್ಲಿ) ಕಟ್ಟಿದ ಅಂಟನ್ನು ತೆಗೆಸಿರಿ.