ಮ್ಯೂಸಿಯಂ ವೆಬ್‌ಸೈಟಿಗೆ ಬಹುಮಾನ: ಅಂಕ ಹಾಕೋದಾ, ಓಟು ಕೇಳೋದಾ, ಕೆಲಸ ಕೊಟ್ಟು ನೋಡೋದಾ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಮೂರನೆಯದು. ತೀರ್ಪುಗಾರರ ಸಾಲಿನಲ್ಲಿ ಕೂತು ಮೂರೂ ರೀತಿ ನೋಡಿದ್ದೇನೆ. ಕಳೆದ ಸಲ ಅಂಕ ಕೂಡಿಸಿ ಮೊದಲ ಬಹುಮಾನ ಕೊಟ್ಟ ಸೈಟಿನಲ್ಲಿ ಮ್ಯೂಸಿಯಂ ಯಾವ ದಿನ ರಜೆ ಅನ್ನೋದೇ ಸಿಗಲಿಲ್ಲ!

ಅಂಕಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ವಿನ್ಯಾಸ, ವಿಷಯ, ಹೊಸತನ, ಬಳಕೆ, ಒಂದೊಂದಕ್ಕೂ 10ಕ್ಕೆ ಇಷ್ಟು. ಕಿರಿಕಿರಿ ಇರೋದು ಹಂಚಿಕೆಯಲ್ಲಿ. ಸೈಟುಗಳು ಜಾಸ್ತಿ, ಹಾಗಾಗಿ ಎಲ್ಲರೂ ಎಲ್ಲವನ್ನೂ ನೋಡುವುದಿಲ್ಲ. ಒಬ್ಬರಿಗೆ 8 ಅಂದರೆ ‘ಪರವಾಗಿಲ್ಲ’, ಇನ್ನೊಬ್ಬರಿಗೆ 8 ಅಂದರೆ ‘ಭಾರೀ ಚೆನ್ನಾಗಿದೆ’. ಒಂದು ಸೈಟು ಧಾರಾಳಿಗಳ ಕೈಗೆ ಬಿತ್ತು ಅನ್ನಿ: 9, 9, 8. ಅಷ್ಟೇ ಚೆನ್ನಾಗಿರುವ ಇನ್ನೊಂದು ಬಿಗಿ ಕೈಯವರಿಗೆ ಸಿಕ್ಕಿತು: 7, 7, 8. ಎರಡನೆಯದು ಅಲ್ಲಿಗೇ ಔಟ್.

‘ಸರಾಸರಿ ತೆಗೆದರೆ ಸರಿಹೋಗುತ್ತೆ’ ಅನ್ನುತ್ತಾರೆ. ಹೋಗಲ್ಲ. ಮೂವರೂ ಧಾರಾಳಿಗಳೇ ಆಗಿದ್ದರೆ ಸರಾಸರಿಯೂ ಧಾರಾಳವೇ ಅಲ್ವಾ? ಶುರುವಿಗೇ ಎಲ್ಲರೂ ಒಂದೆರಡು ಸೈಟುಗಳಿಗೆ ಬೇರೆಬೇರೆಯಾಗಿ ಅಂಕ ಹಾಕಿ, ಯಾಕೆ ಹಾಕಿದೆವು ಅಂತ ಮಾತಾಡಿಕೊಂಡರೆ ಸ್ವಲ್ಪ ಹದಕ್ಕೆ ಬರುತ್ತದೆ. ಅಂಕದ ಬದಲು ಒಬ್ಬೊಬ್ಬರೂ ತಾವು ನೋಡಿದ್ದನ್ನು ಮೇಲಿಂದ ಕೆಳಗೆ ಜೋಡಿಸಿಕೊಟ್ಟರೆ ಇನ್ನೂ ವಾಸಿ. ಆದರೂ ಒಂದು ತೊಂದರೆ ಉಳಿಯುತ್ತದೆ. ಮೂರು ಆಯಾಮದ ಗ್ಯಾಲರಿ ಸುತ್ತಾಟವೊಂದಿದ್ದರೆ ವಿನ್ಯಾಸದಲ್ಲೂ ಅಂಕ, ಹೊಸತನದಲ್ಲೂ ಅಂಕ, ವಿಷಯದಲ್ಲೂ ಅಂಕ. ಒಂದೇ ಥಳುಕಿಗೆ ಮೂರು ಸಲ ಕೂಲಿ.

ಜನರ ಓಟು: ಯಾರ ಹಿಂಬಾಲಕರು ಜಾಸ್ತಿಯೋ ಅವರು ಗೆಲ್ಲುತ್ತಾರೆ. ವೆಬ್‌ಸೈಟುಗಳಿಗೇ ಕೊಡುವ ವೆಬಿ ಪ್ರಶಸ್ತಿಯವರು ಜನರ ಆಯ್ಕೆಯನ್ನು ತೀರ್ಪುಗಾರರ ಆಯ್ಕೆಯ ಜೊತೆ ಬೆರೆಸದೆ ಬೇರೆಯಾಗಿಯೇ ಕೊಡುತ್ತಾರೆ. ಅದೇ ಸರಿ.

ಇನ್ನು ಕೆಲಸ ಕೊಟ್ಟು ನೋಡೋದು, ಅಂದರೆ ಸೈಟಿಗೆ ಬರುವವರು ಮಾಡುವ ಕೆಲಸವನ್ನೇ ತೀರ್ಪುಗಾರರು ಮಾಡಿ ನೋಡೋದು. ಕೈಯಲ್ಲಿ ಬರೀ ಫೋನು. ‘ನಾಳೆ ವೀಲ್‌ಚೇರಿನಲ್ಲಿರುವ ಅಜ್ಜಿಯನ್ನು ಕರೆದುಕೊಂಡು ಹೋಗಬೇಕು. ಸಮಯ, ಟಿಕೆಟ್, ಲಿಫ್ಟ್ ಹುಡುಕಿ.’ ಒಂದು ಚಂದದ ಸೈಟಿನಲ್ಲಿ ಸಮಯವನ್ನು ಚಿತ್ರದೊಳಗೆ ಬರೆದಿಟ್ಟಿದ್ದರು. ಚಿತ್ರದ ಜೊತೆ ವಿವರಣೆ ಬರೆದಿಡದಿದ್ದರೆ, ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಿಂದಲೇ ನಡೆದರೆ, ಕುಕೀಗೆ ಒಪ್ಪಿಗೆ ಕೇಳುವ ಪೆಟ್ಟಿಗೆಯಲ್ಲೇ ಸಿಕ್ಕಿಬಿದ್ದೆವು. ಬಿಳಿ ಮೇಲೆ ತಿಳಿ ಬೂದು ಅಕ್ಷರ ಬೇರೆ. ವೆಬ್‌ಸೈಟು ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಮಾರ್ಗಸೂಚಿ ಡಬ್ಲ್ಯೂಸಿಎಜಿ, ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕೇಳುವ ಕನಿಷ್ಠ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) 4.5:1. ಇದನ್ನು ಅಳೆಯಲು ಸಾಧನಗಳಿವೆ, ಅಭಿಪ್ರಾಯ ಬೇಕಿಲ್ಲ.

ಇನ್ನೊಂದು ಕೆಲಸ: ‘ಈ ಚಿತ್ರವನ್ನು ನನ್ನ ಪಾಠಕ್ಕೆ ಬಳಸಬಹುದಾ?’ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಲ್ಲಿ ತನ್ನ ಪಬ್ಲಿಕ್ ಡೊಮೈನ್ (ಕೃತಿಸ್ವಾಮ್ಯ ಇಲ್ಲದ) ಕೃತಿಗಳ ಚಿತ್ರಗಳನ್ನು ಸಿಸಿ0 ಅಡಿ, ಅಂದರೆ ಅನುಮತಿ ಕೇಳದೆ ಬಳಸಿ ಅಂತ, ಎಲ್ಲರಿಗೂ ಬಿಟ್ಟುಕೊಟ್ಟಿತು. ಬಳಸಬಹುದಾ ಇಲ್ಲವಾ ಅನ್ನೋ ಉತ್ತರ ಚಿತ್ರದ ಪಕ್ಕದಲ್ಲೇ ಸಿಗಬೇಕು. ಹಕ್ಕುಗಳ ಪುಟ ಎಲ್ಲಿದೆ ಅಂತ ಹುಡುಕಿಸುವ ಸೈಟಿಗೆ ಇಲ್ಲಿ ಪಾಸಿಲ್ಲ.

ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಸಂಶೋಧಕರಿಗೆಂದೇ ಮಾಡಿದ ಸೈಟುಗಳಿಗೆ ಬೇರೆ ಕೆಲಸಗಳನ್ನೇ ಬರೆಯಬೇಕು. ಬಿಟ್ಟಿ ದುಡಿಯುವವರು ನಾವು, ರಾತ್ರಿ ಊಟ ಆದ ಮೇಲೆಯೇ ಕೂರೋದು. ಹಾಗಾಗಿ ಮೊದಲ ಜರಡಿಗೆ ಅಂಕಪಟ್ಟಿ ಇರಲಿ, ಕೊನೆಯ ಐದಾರು ಸೈಟುಗಳಿಗೆ ಕೆಲಸ ಕೊಡೋಣ. ಅರ್ಜಿ ಕರೆಯುವಾಗಲೇ ಕೆಲಸಗಳನ್ನು ಹೇಳಿಬಿಟ್ಟರೂ ಆಯ್ತು. ಅದಕ್ಕೆ ತಕ್ಕಂತೆ ಸೈಟು ತಿದ್ದಿಕೊಳ್ಳುತ್ತಾರಾ? ತಿದ್ದಿಕೊಳ್ಳಲಿ ಬಿಡಿ.