18 ಟೂಲ್ ಇದ್ದವು, ಬೇಕಾದದ್ದೇ ಕೈಕೊಟ್ಟಿತು

ರೋಡ್ ಬೈಕಿಗೆ, ಅಂದರೆ ರಸ್ತೆಯಲ್ಲಿ ಓಡಿಸುವ ಹಗುರ ಸೈಕಲ್ಲಿಗೆ, ಹಲವು ಟೂಲ್ ಒಂದರಲ್ಲೇ ಮಡಚಿಟ್ಟ ಪುಟ್ಟ ಮಲ್ಟಿಟೂಲ್ ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನನಗಾದದ್ದು ನಿಮಗೆ ಆಗಬಾರದು.

ಕಳೆದ ತಿಂಗಳ ಮಾತು. ಮನೆಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದ್ದೆ. ಮುಂದಿನ ಚಕ್ರ ಗುಂಡಿಗೆ ಬಿದ್ದ ಏಟಿಗೆ ಹ್ಯಾಂಡಲ್ ಕೆಳಕ್ಕೆ ತಿರುಗಿಬಿಟ್ಟಿತು. ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ಸ್ಟೆಮ್ಮಿನ ಮುಂದಿನ ನಾಲ್ಕು ಬೋಲ್ಟ್ ಸಡಿಲಿಸಿ, ಹ್ಯಾಂಡಲ್ ನೇರ ಮಾಡಿ, ಮತ್ತೆ ಬಿಗಿ ಮಾಡಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಜೇಬಿನಲ್ಲಿ ಹೊಚ್ಚ ಹೊಸ ಟೂಲ್ ಇತ್ತು. 18 ಕೆಲಸಕ್ಕೆ ಒಂದೇ ಅಂತ ಡಬ್ಬಿಯ ಮೇಲೆ ಬರೆದಿದ್ದರು, ಅದನ್ನು ನೋಡಿಯೇ ತಗೊಂಡಿದ್ದೆ.

ಅದರ 4 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಕೀ) ಬೋಲ್ಟಿಗೆ ಇಟ್ಟಾಗಲೇ ಅತ್ತಿತ್ತ ಅಲ್ಲಾಡುತ್ತಿತ್ತು. ಆಗಲೇ ನಿಲ್ಲಿಸಬೇಕಿತ್ತು. ಎರಡು ಬೋಲ್ಟ್ ಹೇಗೋ ಸಡಿಲವಾದವು. ಮೂರನೆಯದಕ್ಕೆ ಜೋರು ಹಾಕಿದೆ. ಕೀ ಜಾರಿತು, ಬೆರಳ ಗೆಣ್ಣು ಸ್ಟೆಮ್ಮಿಗೆ ಬಡಿದು ಚರ್ಮ ಕಿತ್ತು ಬಂತು. ಬಗ್ಗಿ ನೋಡಿದರೆ ಬೋಲ್ಟಿನ ಆರು ಮೂಲೆಯೂ ಸವೆದು ತೂತು ದುಂಡಗಾಗಿತ್ತು. ಕೀಯ ತುದಿಯೂ ತಿರುಚಿಕೊಂಡಿತ್ತು. ಮೆತ್ತನೆ ಉಕ್ಕು, ಅಳತೆಯೂ ಸಡಿಲ. ಅಂಥ ಹ್ಯಾಂಡಲ್ ನಂಬಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು ಪ್ರಾಣಕ್ಕೇ ಅಪಾಯ ಅಲ್ವಾ? ಅಣ್ಣನಿಗೆ ಫೋನ್ ಮಾಡಿ ಕಾರು ತರಿಸಿಕೊಂಡೆ.

ಮೆಕ್ಯಾನಿಕ್ ಒಂದು ಟಿ25 ಬಿಟ್ ತಗೊಂಡು, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಆ ತೂತಿಗೆ ಕೂರಿಸಿದರು. ನಕ್ಷತ್ರದಂಥ ಅದರ ತುದಿ 4 ಮಿ.ಮೀ.ಗಿಂತ ಚೂರು ದಪ್ಪ, ಹಾಗಾಗಿ ಕಚ್ಚಿಕೊಳ್ಳುತ್ತದೆ. ತಿರುಗಿಸಿದರು, ಬಂತು. ಆದರೆ ಆ ಬೋಲ್ಟ್ ಮತ್ತೆ ಹಾಕುವ ಹಾಗಿಲ್ಲ, ಎಸೆಯಬೇಕು.

ಟೂಲ್ ಎಷ್ಟು ಅಂತ ಎಣಿಸಬೇಡಿ. ನಿಮ್ಮ ಸೈಕಲ್ಲಿನಲ್ಲಿ ಯಾವ ಬೋಲ್ಟ್ ಇದೆ ಅಂತ ಮೊದಲು ನೋಡಿ. ಜಾಸ್ತಿ ಕೆಲಸವೆಲ್ಲ 4 ಮತ್ತು 5 ಮಿ.ಮೀ.ನಲ್ಲೇ ಆಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಟಿ25 ಬೇಕಾಗಬಹುದು. ಗೇರಿನ ಸಣ್ಣ ಸ್ಕ್ರೂಗೆ ಕೆಲವು ಕಡೆ ಸ್ಕ್ರೂಡ್ರೈವರ್, ಕೆಲವು ಕಡೆ 2 ಮಿ.ಮೀ. ಕೀ. ದೂರ ಹೋಗುವವರಿಗೆ ಚೈನ್ ಕಟರ್ ಬೇಕೇ ಬೇಕು, ಜೊತೆಗೆ ತುಂಡಾದ ಚೈನನ್ನು ಮತ್ತೆ ಜೋಡಿಸುವ, ನಿಮ್ಮ ಚೈನಿಗೆ ಸರಿಹೊಂದುವ ಕ್ವಿಕ್ ಲಿಂಕ್. ಪೆಡಲ್ ಬಿಚ್ಚುವ ಆಸೆ ಮಾತ್ರ ಬಿಡಿ, ಇಷ್ಟು ಗಿಡ್ಡ ಹಿಡಿಯಲ್ಲಿ ಅಷ್ಟು ಬಲ ಸಿಗುವುದಿಲ್ಲ.

ಇನ್ನೊಂದು, ಕೀ ತೀರಾ ಗಿಡ್ಡ ಇರಬಾರದು. ಇದ್ದರೆ, ಫ್ರೇಮಿನ ಮೇಲೆ ನೀರಿನ ಬಾಟಲ್ ಇಡುವ ಹಿಡಿಕೆಯ ಬೋಲ್ಟಿಗೆ ಹಾಕಿದಾಗ ಟೂಲಿನ ಮೈಯೇ ಫ್ರೇಮಿಗೆ ತಾಗಿ ತಿರುಗುವುದಿಲ್ಲ.

ಬಿಗಿ ಮಾಡುವಾಗಲೂ ಹುಷಾರು. ಸ್ಟೆಮ್ಮಿನ ಮೇಲೆ ಸಾಮಾನ್ಯವಾಗಿ 5 ಎನ್‌ಎಂ (ನ್ಯೂಟನ್ ಮೀಟರ್) ಅಂತಲೋ ಏನೋ ಬರೆದಿರುತ್ತದೆ, ಬೋಲ್ಟ್ ಎಷ್ಟು ಬಿಗಿ ಮಾಡಬೇಕು ಅನ್ನುವ ಅಳತೆ ಅದು. ಮಲ್ಟಿಟೂಲಿನಲ್ಲಿ ಅದು ಗೊತ್ತಾಗುವುದಿಲ್ಲ. ನಾಲ್ಕೂ ಬೋಲ್ಟನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಮನೆಗೆ ಬಂದ ಮೇಲೆ ಆ ಅಳತೆಗೆ ಬಿಗಿ ಮಾಡುವ ಟಾರ್ಕ್ ರೆಂಚಿನಲ್ಲಿ ನೋಡಿ. ಕಾರ್ಬನ್ ಹ್ಯಾಂಡಲ್ ಆದರೆ ಇದನ್ನು ತಪ್ಪಿಸಲೇಬೇಡಿ.

ಚೀಲದಲ್ಲಿ ಈಗಾಗಲೇ ಟೂಲ್ ಇಟ್ಟುಕೊಂಡವರು ಇವತ್ತೇ ಅದನ್ನು ತೆಗೆದು ಒಂದೊಂದು ಬೋಲ್ಟಿಗೂ ಇಟ್ಟು ನೋಡಿ. ಅಲ್ಲಾಡಿದರೆ ಆ ಟೂಲ್ ತಗೊಂಡು ರಸ್ತೆಗೆ ಹೋಗಬೇಡಿ.